ಮಸ್ಕಿ ಗುಡ್ಡದ ಹದಿಮೂರು ಹುಣ್ಣಿಮೆಗಳು

ಮೊನ್ನೆ ಸಿಂಧನೂರಿನಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ್ದೆ. ಮದುವೆಯ ಊಟ ಹೊಟ್ಟೆಯಲ್ಲಿ ಭಾರವಾಗಿತ್ತು, ಮೊಣಕಾಲು ನೋಯುತ್ತಿತ್ತು, ಯಾರ ಜೊತೆಗೂ ಮಾತು ಬೇಡವಾಗಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ತೌಡಿನ ಚೀಲ ಹೇರಿಕೊಂಡ ಲಾರಿಯೊಂದು ಬಂದು ನಿಂತಿತು. ಬೆಳಿಗ್ಗೆ ಎಲ್ಲೋ ಮಳೆಗೆ ಸಿಕ್ಕಿರಬೇಕು, ಮೇಲಿನ ಚೀಲಗಳು ತೊಯ್ದಿದ್ದವು. ತೊಯ್ದ ಅಕ್ಕಿ ತೌಡಿನ ಆ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಕಿಟಕಿಯೊಳಗೆ ನುಗ್ಗಿದ್ದೇ ತಡ, ನಾನು ಚೀಲ ಎತ್ತಿಕೊಂಡು ಇಳಿದುಬಿಟ್ಟೆ. "ಯಮ್ಮಾ, ಲಿಂಗಸೂರು ತನಕ ಟಿಕೀಟ್ ತಗೊಂಡೀಯಲ್ಲ, ಇಲ್ಯಾಕ ಇಳ್ಯಾಕತ್ತಿ?" ಎಂದು ಕಂಡಕ್ಟರ್ ಕೂಗಿದ. "ಇಳೀಬೇಕನಿಸ್ತಪಾ, ಇಳಿದೆ," ಎಂದೆ. ಮುದುಕಿಯ ತಲೆ ನೆಟ್ಟಗಿಲ್ಲ ಅಂದುಕೊಂಡನೋ ಏನೋ, ಸೀಟಿ ಊದಿ ಹೊರಟುಹೋದ.

ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತು ನೋಡಿದರೆ ಗುಡ್ಡ ಅಲ್ಲೇ ಇತ್ತು. ಎಲ್ಲಿಗೆ ಹೋದೀತು! ಗುಡ್ಡದ ಕಡೆಗೆ ಕಾಯಿ, ಹೂವು, ಊದಿನಕಡ್ಡಿ ಹಿಡಿದ ಜನ ನಡೆದಿದ್ದರು. ಆಗ ನೆನಪಾಯಿತು, ಅಂದು ಹುಣ್ಣಿಮೆ. ಒಂದು ಕಾಲದಲ್ಲಿ ಹುಣ್ಣಿಮೆ ಯಾವತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದವಳು ನಾನು. ಆ ಒಂದು ವರ್ಷ ನನ್ನ ಬದುಕೆಲ್ಲ ಹುಣ್ಣಿಮೆಯಿಂದ ಹುಣ್ಣಿಮೆಗೆ ಬಸ್ಸು ಹತ್ತಿ ಇಳಿಯುವುದರಲ್ಲೇ ಕಳೆದಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾನು ಲಿಂಗಸುಗೂರು ತಾಲೂಕಿನ ಗುರುಗುಂಟಾದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಇವರು, ಅಂದರೆ ನನ್ನ ಗಂಡ ವೀರೇಶ, ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರು. ಅತ್ತೆ ಇದ್ದದ್ದು ಸಿಂಧನೂರಿನಾಚೆ ಮುಕ್ಕುಂದದಲ್ಲಿ, ಭತ್ತದ ಗದ್ದೆಗಳ ನಡುವೆ. ನಮ್ಮ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆಗುವುದಾದರೂ ಹೇಗೆ? ಗುರುಗುಂಟಾದಲ್ಲಿ ನನ್ನದೊಂದು ಬಾಡಿಗೆ ಕೋಣೆ, ಮಿಲ್ಲಿನ ಹಿಂದೆ ಇವರದೊಂದು ತಗಡಿನ ಕೋಣೆ. ನನಗೆ ಭಾನುವಾರ ರಜೆಯಿದ್ದರೆ ಇವರಿಗೆ ಮಿಲ್ಲು. ಇವರಿಗೆ ಅಮಾವಾಸ್ಯೆಗೆ ಮಿಲ್ಲು ನಿಂತರೆ ನನಗೆ ಶಾಲೆ.

ಅತ್ತೆ ಕೆಟ್ಟವರಲ್ಲ. ತೊಂದರೆಯಾದದ್ದೇ ಅದರಿಂದ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಆ ವರ್ಷ ದೀಪಾವಳಿಗೆ ಮುಕ್ಕುಂದಕ್ಕೆ ಹೋದಾಗ ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿಯೇಬಿಟ್ಟರು.

"ನೀ ಒಂದು ದಿಕ್ಕ, ಅಂವ ಒಂದು ದಿಕ್ಕ. ಹಿಂಗಾದ್ರ ಮಕ್ಕಳೇನು ಮುಗಲಿಂದ ಉದರ್ತಾವೇನು? ಮಸ್ಕಿ ಮಲ್ಲಯ್ಯಗ ಬೇಡಿಕೊಂಡೀನಿ. ಒಂದು ವರ್ಷ ಹುಣ್ಣಿಮಿ ನಡೀರಿ. ಇಬ್ಬರೂ ಜೋಡಿಲೆ ಗುಡ್ಡ ಹತ್ತಬೇಕು, ಜೋಡಿಲೆ ಕಾಯಿ ಒಡಸಬೇಕು. ನಡುವ ಒಂದು ತಪ್ಪಿತೋ, ಮತ್ತ ಮೊದಲ್ಲಿಂದ ಹಿಡೀಬೇಕು."

"ವರ್ಷ ಆದ ಮ್ಯಾಲ, ಅತ್ತಿ?" ಎಂದೆ.

"ವರ್ಷದಾಗ ನಿನ್ನ ಉಡಿ ತುಂಬಿದ್ರ ಚೊಲೊ ಆತು. ಇಲ್ಲಂದ್ರ ನೌಕರಿಗೆ ರಾಜೀನಾಮಿ ಕೊಟ್ಟು ಮನಿಗೆ ಬಾ. ಒಂದ ಸೂರಿನ ಕೆಳಗ ಇರ್ರಿ. ನಾ ಕೇಳೂದು ತಪ್ಪೇನವ್ವಾ?"

ತಪ್ಪೆಂದು ಹೇಗೆ ಹೇಳಲಿ? ಇವರ ಮುಖ ನೋಡಿದೆ. ಇವರು ತಾಯಿಯ ಮಾತಿಗೆ ಎದುರು ಮಾತಾಡಿದ್ದನ್ನು ಯಾರೂ ಕಂಡವರಿಲ್ಲ. ನೆಲ ನೋಡುತ್ತಾ "ಹೂಂ" ಎಂದರು. ನಾನೂ "ಹೂಂ" ಎಂದೆ. ಆದರೆ ಮನಸ್ಸು ಹೂಂ ಎನ್ನಲಿಲ್ಲ. ನನ್ನ ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ನನಗೆ ಟಿ.ಸಿ.ಎಚ್. ಓದಿಸಿದ್ದಳು. ನೌಕರಿಯ ಆರ್ಡರ್ ಬಂದ ದಿನ ಅದನ್ನು ಓದಲು ಬಾರದೆ ಹಣೆಗೆ ಒತ್ತಿಕೊಂಡು ಕುಳಿತಿದ್ದಳು. ಆ ನೌಕರಿಯನ್ನು ಬಿಡುವುದೆಂದರೆ ನನಗೆ ಅವ್ವನನ್ನು ಇನ್ನೊಮ್ಮೆ ಮಣ್ಣು ಮಾಡಿದಂತೆ.

ಹುಣ್ಣಿಮೆ ನಡೆಯುವುದು ನಮ್ಮ ಕಡೆ ಹೊಸದಲ್ಲ. ಒಬ್ಬರು ಐದು ನಡೆಯುತ್ತಾರೆ, ಇನ್ನೊಬ್ಬರು ಒಂಬತ್ತು. ಬೇಡಿಕೊಂಡ ದೇವರ ಮೆಟ್ಟಿಲನ್ನು ಅಷ್ಟೂ ಹುಣ್ಣಿಮೆಗೆ ತಪ್ಪದೆ ತುಳಿಯಬೇಕು, ಅಷ್ಟೇ. ನಮಗೆ ವರ್ಷಪೂರ್ತಿ ಬಿತ್ತು. ಒಂದು ಅನುಕೂಲವೂ ಆಯಿತು. ಮಿಲ್ಲಿನ ಮಾಲೀಕರು ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ನೆಲೆಸಿದವರು, ಮದುವೆಗೂ ರಜಾ ಕೊಡದ ಗಟ್ಟಿ ಆಸಾಮಿ. ಹರಕೆ ಎಂದ ಕೂಡಲೇ ಕೈಮುಗಿದು, "ದೇವುಡಿ ಪನಿ ಐತೇ ವೆಳ್ಳವಯ್ಯಾ," ಎಂದರಂತೆ. ದೇವರ ಕೆಲಸಕ್ಕಾದರೆ ಹೋಗಪ್ಪಾ ಅಂತ. ಹೆಂಡತಿಯನ್ನು ನೋಡಲು ಸಿಗದ ರಜಾ ಮಲ್ಲಯ್ಯನನ್ನು ನೋಡಲು ಸಿಕ್ಕಿತು.

ಮೊದಲನೆಯದು ಗೌರಿ ಹುಣ್ಣಿಮೆ. ನಾನು ಶಾಲೆ ಬಿಟ್ಟವಳೇ ಗುರುಗುಂಟಾದಿಂದ ಲಿಂಗಸುಗೂರು, ಅಲ್ಲಿಂದ ಮಸ್ಕಿ, ಎರಡು ಬಸ್ಸು ಬದಲಿಸಿ ಬಂದೆ. ಇವರು ಸಿಂಧನೂರಿನ ಬಸ್ಸಿನಿಂದ ಇಳಿದರು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ತೌಡು. ಮುಖ ತೊಳೆಯಲೂ ಪುರಸತ್ತಿರಲಿಲ್ಲ. ಇಬ್ಬರೂ ದಣಿದು ಹಣ್ಣಾಗಿದ್ದೆವು. ಮೆಟ್ಟಿಲು ಹತ್ತುವಾಗ ಒಂದು ಮಾತೂ ಆಡಲಿಲ್ಲ. ಉಸಿರಿದ್ದರೆ ತಾನೇ ಮಾತು. ಹೊತ್ತು ಮುಳುಗಿ ಚಂದ್ರ ಮೂಡುವ ಹೊತ್ತಿಗೆ ಗುಡ್ಡದ ಅಯ್ಯನವರು ಮಂಗಳಾರತಿ ಮಾಡಿ, ಕಾಯಿ ಒಡೆದು ಅರ್ಧ ಹೋಳು ಇವರ ಕೈಗೆ, ಅರ್ಧ ನನ್ನ ಕೈಗೆ ಕೊಟ್ಟರು.

ಗುಡಿಯ ಹಿಂದೆ ಒಂದು ಹಾಸುಬಂಡೆ. ಅಲ್ಲಿ ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹುಣ್ಣಿಮೆಗೆ ಹೊರಗೆ ಕುಳಿತು ಬೆಳದಿಂಗಳ ಊಟ ಮಾಡುವುದು ನನಗೆ ಚಿಕ್ಕಂದಿನಿಂದ ಬಲು ಇಷ್ಟ. ಗಂಡನ ಜೊತೆ ಗುಡ್ಡದ ಮೇಲೆ ಬೆಳದಿಂಗಳ ಊಟ ಎಂದು ಏನೇನೋ ಆಸೆ ಕಟ್ಟಿಕೊಂಡು ಬಂದಿದ್ದೆ. ಇವರು ಒಂದು ರೊಟ್ಟಿ ತಿಂದರು. ಎರಡನೆಯದನ್ನು ಮುರಿದರು. ಮುರಿದ ತುಣುಕು ಕೈಯಲ್ಲಿರುವಂತೆಯೇ ನನ್ನ ಚೀಲಕ್ಕೆ ತಲೆಕೊಟ್ಟು ನಿದ್ದೆಹೋದರು. ಸ್ವಲ್ಪ ಹೊತ್ತಿಗೆ ಗೊರಕೆ. ಮೈಯೆಲ್ಲ ಉರಿದುಹೋಯಿತು. ಅಲುಗಾಡಿಸಿ ಎಬ್ಬಿಸೋಣವೆಂದು ಕೈ ಚಾಚಿದೆ. ಉಗುರುಗಳಲ್ಲಿ ಮಷೀನಿನ ಕಪ್ಪು ಎಣ್ಣೆ ಕಂಡಿತು. ಸುಮ್ಮನೆ ಆ ರೊಟ್ಟಿಯ ತುಣುಕನ್ನು ಕೈಯಿಂದ ಬಿಡಿಸಿಕೊಂಡು ನಾನೇ ತಿಂದೆ.

ಆ ಬಂಡೆಯ ಮೇಲೆ ಕುಳಿತರೆ ಎರಡು ಸೀಮೆ ಕಾಣುತ್ತಿದ್ದವು. ಸಿಂಧನೂರಿನ ಕಡೆ ದೂರದಲ್ಲಿ ಕಾಲುವೆಯ ನೀರು ಹರಿದ ನೆಲ, ಅಲ್ಲಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ದೀಪ, ಗದ್ದೆಯ ನೀರಿನಲ್ಲಿ ಬೆಳ್ಳನೆಯ ಹೊಳಪು. ಲಿಂಗಸುಗೂರಿನ ಕಡೆ ಕಲ್ಲು, ಜಾಲಿಗಿಡ, ಒಣ ಬೇಸಾಯದ ಕಪ್ಪು ಹೊಲ. ಚಂದ್ರ ಮೂಡುತ್ತಿದ್ದದ್ದು ಇವರ ಸೀಮೆಯ ಕಡೆಯಿಂದ. ಅವನು ಗುಡ್ಡ ದಾಟಿ ನನ್ನ ಒಣ ಹೊಲಗಳ ಮೇಲೆ ಬರುವಷ್ಟರಲ್ಲಿ ನಾವು ಇಳಿಯಬೇಕಾಗುತ್ತಿತ್ತು.

ಇಳಿದು ಹೋಗುತ್ತಿದ್ದದ್ದು ಮಸ್ಕಿಯಲ್ಲೇ ಇದ್ದ ನನ್ನ ಚಿಗವ್ವನ ಮನೆಗೆ. ಎರಡು ಕೋಣೆಯ ಮನೆ, ತುಂಬ ಮಕ್ಕಳು. ನಾನು ಒಳಗೆ ಹೆಣ್ಣುಮಕ್ಕಳ ಸಾಲಿನಲ್ಲಿ ಮಲಗಬೇಕು, ಇವರು ಹೊರಗೆ ಕಟ್ಟೆಯ ಮೇಲೆ ಚಿಗಪ್ಪನ ಪಕ್ಕದಲ್ಲಿ. ಬೆಳಗಿನ ಬಸ್ಸಿಗೆ ಇವರು ಆ ಕಡೆ, ನಾನು ಈ ಕಡೆ. ಮಕ್ಕಳಿಗಾಗಿ ಹೊತ್ತ ಹರಕೆ ನೋಡಿ ಇದು! ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಇವರಿಗೆ ಹೇಳಿಯೂ ಹೇಳಿದೆ: "ಮಲ್ಲಯ್ಯ ಖರೇನ ದೊಡ್ಡ ದೇವರಾದ್ರ, ಮೊದಲ ನಮಗೊಂದು ಕೋಣಿ ಕೊಡಲಿ." ಇವರು ಅತ್ತಿತ್ತ ನೋಡಿ, "ಏ, ಸಾವಕಾಶ ಮಾತಾಡ," ಎಂದರು. ಕಿವಿ ಮಾತ್ರ ಕೆಂಪಗಾಗಿದ್ದವು.

ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಮೂರೂ ಚಳಿಯಲ್ಲಿ ಕಳೆದವು. ಹೊಸ ಭತ್ತ ಬಂದು ಮಿಲ್ಲು ಹಗಲೂ ರಾತ್ರಿ ಓಡುವ ಕಾಲ. ಇವರು ಕಣ್ಣಿಗೆ ಕಣ್ಣು ಹಚ್ಚದೆ ಬರುತ್ತಿದ್ದರು. ಬನದ ಹುಣ್ಣಿಮೆಗೆ ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ ಸೀತನಿ ಕೊಟ್ಟಿದ್ದಳು. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಕಾಳು, ಬಾಯಿಗಿಟ್ಟರೆ ಹಾಲು ಬಿಡುತ್ತಿತ್ತು. ಒಂದೇ ಕಂಬಳಿಯನ್ನು ಇಬ್ಬರೂ ಹೊದ್ದು, ಒಂದು ಮುಷ್ಟಿ ಇವರ ಬಾಯಿಗೆ ಹಾಕಿದೆ. ಅಗಿಯುತ್ತ ಅಗಿಯುತ್ತಲೇ ಮಲಗಿದರು. ಕಂಬಳಿಯೊಳಗೆ ತೌಡಿನ ವಾಸನೆ, ಹೊರಗೆ ಹಾಲಿನಂಥ ಬೆಳದಿಂಗಳು. ಅಷ್ಟು ಹೊತ್ತಿಗೆ ಸಿಟ್ಟು ಕರಗಿತ್ತು. ನಾನೊಬ್ಬಳೇ ಚಂದ್ರನನ್ನು ನೋಡುವುದು, ಇವರು ಪಕ್ಕದಲ್ಲಿ ಉಸಿರಾಡುವುದು, ಇದೇ ನಮ್ಮ ದಾಂಪತ್ಯ ಎಂದು ಒಪ್ಪಿಕೊಂಡಿದ್ದೆ.

ಹೋಳಿ ಹುಣ್ಣಿಮೆಗೆ ಇವರು ಬಸ್ಸಿನಿಂದ ಇಳಿದಾಗ ಗುರುತೇ ಹತ್ತಲಿಲ್ಲ. ಅರ್ಧ ಮುಖ ಹಸಿರು, ಅರ್ಧ ಗುಲಾಬಿ. ಗುಡಿಯಲ್ಲಿ ಅಯ್ಯನವರು ಗದರಿದರು: "ದೇವರ ಮುಂದ ಹಿಂಗ ಬರ್ತಾರೇನೋ ವೀರೇಶಾ?" ಇವರು ಕೈಮುಗಿದು, "ಯಾವಾಗ ಹಚ್ಚ್ಯಾರೋ ಗೊತ್ತ ಇಲ್ರಿ ಅಯ್ಯನೋರ. ಚೀಲದ ಮ್ಯಾಲ ಮಕ್ಕೊಂಡಿದ್ದೆ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆ ವರ್ಷ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೊಂದೇ ಸಲವಿರಬೇಕು.

ಬೇಸಿಗೆ ಬಂತು. ದವನದ ಹುಣ್ಣಿಮೆಗೆ ಹೊತ್ತು ಮುಳುಗಿದ ಮೇಲೂ ಬಂಡೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಆಗಿ ಹುಣ್ಣಿಮೆಯ ಹೊತ್ತಿಗೆ ಶಾಲೆಗೆ ರಜೆ, ನಾನು ಮುಕ್ಕುಂದದಲ್ಲಿದ್ದೆ. ಕಾಲುವೆಗೆ ಬಟ್ಟೆ ಒಗೆಯಲು ಹೋದರೆ ಹೆಂಗಸರೆಲ್ಲ, "ಏನವ್ವಾ, ಏನರ ಸುದ್ದಿ ಐತೇನು?" ಎಂದು ನನ್ನ ಹೊಟ್ಟೆ ನೋಡುವವರೇ. ಸಾಕಪ್ಪಾ ಸಾಕು ಅನಿಸಿಬಿಟ್ಟಿತ್ತು. ಅತ್ತೆ ಮಾತ್ರ ಏನೂ ಕೇಳಲಿಲ್ಲ. ಹೊರಡುವಾಗ ಶೇಂಗಾ ಉಂಡಿ ಕಟ್ಟಿಕೊಟ್ಟು, "ಗುಡ್ಡ ಹತ್ತೂ ಮುಂದ ಒಂದೊಂದು ಬಾಯಾಗ ಹಾಕ್ಕೋರಿ, ಬಿಸಲಿಗೆ ಕಣ್ಣು ಕತ್ತಲಿ ಬರ್ತಾವು," ಎಂದರು. ಆ ಪ್ರೀತಿಗೆ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕಾರ ಹುಣ್ಣಿಮೆಯಂದು ಮಾತ್ರ ಜೀವ ಬಾಯಿಗೆ ಬಂದಿತ್ತು. ಶಾಲೆ ಶುರುವಾಗಿತ್ತು. ಊರೆಲ್ಲ ಎತ್ತುಗಳಿಗೆ ಬಣ್ಣ ಬಳಿದು ಮೆರೆಸುವ ಗದ್ದಲ. ಮಧ್ಯಾಹ್ನದಿಂದ ಸಿಂಧನೂರಿನ ಕಡೆ ಮುಗಿಲು ಕಪ್ಪಾಗಿತ್ತು. ನಾನು ಮಸ್ಕಿಗೆ ಬಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಸಿಂಧನೂರಿನ ಬಸ್ಸು ಒಂದೂ ಬರಲಿಲ್ಲ. ನಡುವೆ ಹಳ್ಳ ಬಂದು ಬಸ್ಸುಗಳೆಲ್ಲ ಆ ದಂಡೆಯಲ್ಲೇ ನಿಂತಿವೆ ಎಂದು ಯಾರೋ ಹೇಳಿದರು. ಹುಣ್ಣಿಮೆ ತಪ್ಪಿತು ಎಂದುಕೊಂಡೆ. ಮತ್ತೆ ಮೊದಲಿನಿಂದ ಹಿಡಿಯಬೇಕು, ಮತ್ತೆ ಹನ್ನೆರಡು ತಿಂಗಳು. ಆದರೂ ಏನೋ ಹಟ, ಒಬ್ಬಳೇ ಗುಡ್ಡ ಹತ್ತಿದೆ.

ಅಯ್ಯನವರು ಮಂಗಳಾರತಿ ಮುಗಿಸಿ ಬೀಗದ ಕೈ ಹಿಡಿದುಕೊಂಡಿದ್ದರು. "ಗಂಡ ಎಲ್ಲಿದಾನವ್ವಾ? ಮಳಿ ಬರೋ ಹಂಗೈತಿ, ನಾ ಇಳೀಬೇಕು," ಎಂದರು. ನಾನು ಹೋಗಿ ಗುಡಿಯ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ.

"ಹೊಸ್ತಿಲ ಮ್ಯಾಲೆ ಕುಂದರ್ತಾರೇನು? ಟೀಚರಾಗಿ ಅಷ್ಟೂ ಗೊತ್ತಿಲ್ಲೇನು ನಿನಗ? ಏಳು!"

"ಏಳೂದಿಲ್ರಿ. ಬರೂತನಕ ಏಳೂದಿಲ್ಲ. ಕದ ಹೆಂಗ ಹಾಕ್ತೀರಿ ಹಾಕ್ರಿ ನೋಡೂಣು."

ಅಯ್ಯನವರು ಬೈದರು, ತಲೆ ಚಚ್ಚಿಕೊಂಡರು, ಕಡೆಗೆ ಕಂಬಕ್ಕೊರಗಿ ಕುಳಿತರು. ಚಂದ್ರ ಮೋಡದಿಂದ ಹೊರಬಂದು ಆಳೆತ್ತರ ಏರಿದ ಮೇಲೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಇವರೇ. ಬಸ್ಸು ದಾಟದ ಹಳ್ಳವನ್ನು ದಾಟುವ ಧೈರ್ಯ ಮಾಡಿದ ತೌಡಿನ ಲಾರಿಯೊಂದರ ಮೇಲೆ, ಚೀಲಗಳ ಮೇಲೆ ಅಂಗಾತ ಮಲಗಿ ಮಳೆಯಲ್ಲಿ ಬಂದಿದ್ದರು. ಮೈಯೆಲ್ಲ ತೊಯ್ದ ತೌಡು ಮೆತ್ತಿತ್ತು. "ಬಂದ್ನೆಲ್ಲ," ಎಂದರು, ತಪ್ಪು ಮಾಡಿದ ಹುಡುಗನ ಹಾಗೆ. ನಾನು ಎದ್ದು ನಿಂತು ಬೈಯಲು ಬಾಯಿ ತೆಗೆದೆ, ಅಳು ಬಂತು. ಅಯ್ಯನವರು ಗೊಣಗುತ್ತ ಕಾಯಿ ಒಡೆದರು. "ನಾ ಹುಟ್ಟಿದಾಗಿಂದ ಇಂಥ ಜೋಡಿ ನೋಡಿಲ್ಲ," ಎಂದರು. ಅಂದು ಇವರ ಎದೆಗೆ ಮುಖವಿಟ್ಟಾಗ ಮೂಗಿಗೆ ತುಂಬಿದ್ದೇ ಆ ವಾಸನೆ. ಮೊನ್ನೆ ನನ್ನನ್ನು ಬಸ್ಸಿನಿಂದ ಇಳಿಸಿದ್ದೂ ಅದೇ.

ಕಡ್ಲಿಗಡಬ ಹುಣ್ಣಿಮೆ ಮೋಡದಲ್ಲೇ ಮುಗಿಯಿತು. ಆ ವರ್ಷ ಅಧಿಕ ಮಾಸ ಬಂದು ಶ್ರಾವಣ ಎರಡಾಗಿದ್ದವು. ಮೊದಲ ಶ್ರಾವಣದ ಹುಣ್ಣಿಮೆಗೆ ಹಬ್ಬವಿಲ್ಲ, ಹೆಸರಿಲ್ಲ. ಅತ್ತೆ ಮೊದಲೇ ಹೇಳಿಕಳಿಸಿದ್ದರು, "ಅಧಿಕದ್ದು ಲೆಕ್ಕಕ್ಕ ಬರೂದಿಲ್ಲ, ಆ ಹುಣ್ಣಿಮಿ ಹೋಗಬ್ಯಾಡ್ರಿ, ದಣಿವಾರಿಸಿಕೋರಿ" ಎಂದು. ನನಗೂ ನಿರಾಳವಾಯಿತು. ಒಂದು ಸಂಜೆಯಾದರೂ ಬಸ್ಸಿಲ್ಲ, ಮೆಟ್ಟಿಲಿಲ್ಲ, ಹಾಯಾಗಿ ಕಾಲು ಚಾಚಿ ಮಲಗಬೇಕು ಎಂದುಕೊಂಡೆ.

ಆ ದಿನ ಬಂತು. ಶಾಲೆ ಬಿಟ್ಟೆ. ಕೋಣೆಗೆ ಬಂದು ಒಲೆ ಹಚ್ಚಬೇಕು ಎಂದು ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡೆ. ಏನಾಯಿತೋ ತಿಳಿಯದು, ಅದನ್ನು ಅಲ್ಲೇ ಇಟ್ಟು ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದೆ. ಚಿಗವ್ವನನ್ನು ನೋಡಿ ಬರೋಣ ಎಂದು ನನಗೆ ನಾನೇ ಹೇಳಿಕೊಂಡೆ. ಮಸ್ಕಿಯಲ್ಲಿ ಇಳಿದರೆ, ಚಹಾದ ಅಂಗಡಿಯ ಬೆಂಚಿನ ಮೇಲೆ ಇವರು ಕುಳಿತಿದ್ದರು. ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಮಿರ್ಚಿ ಭಜಿ.

"ನಾ ಬರ್ತೀನಂತ ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲ."

"ಮತ್ತ?"

"ನೀ ಯಾಕ ಬಂದಿ?" ಎಂದರು ಇವರು. ಹರಕೆ ಇಲ್ಲದ ದಿನ ಮಾಲೀಕರಲ್ಲಿ ಏನು ಹೇಳಿ ಬಂದಿರಿ ಎಂದು ಕೇಳಿದೆ. ಹೇಳದೆಯೇ ಬಂದಿದ್ದರು.

ಗುಡಿಯಲ್ಲಿ ಅಯ್ಯನವರು, "ಇವತ್ತೇನೈತ್ರೋ?" ಎಂದರು. "ಏನಿಲ್ರಿ, ಸುಮ್ಮನ ಬಂದೀವಿ," ಎಂದು ಕೈಮುಗಿದು ಬಂಡೆಗೆ ಹೋದೆವು. ಮಳೆ ತೊಳೆದ ಮುಗಿಲು. ದೊಡ್ಡ ಚಂದ್ರ ಗದ್ದೆಗಳ ಮೇಲೆ ಮೂಡಿದ. ಅಂದು ಇವರು ಮಲಗಲಿಲ್ಲ. ಅಷ್ಟು ಹುಣ್ಣಿಮೆಗಳಲ್ಲಿ ಮೊದಲ ಸಲ ಚಂದ್ರನನ್ನು ನೆಟ್ಟಗೆ ನೋಡಿದರು. "ಇಷ್ಟ ದೊಡ್ಡವ ಇರ್ತಾನೇನು?" ಎಂದರು. "ಒಂದು ದಿನ ಕಣ್ಣು ತೆರೆದಿದ್ರ ಗೊತ್ತಾಗ್ತಿತ್ತು," ಎಂದೆ. ಇಬ್ಬರೂ ನಕ್ಕೆವು. ಭಜಿ ತಣ್ಣಗಾಗಿದ್ದವು, ಆದರೂ ಅಷ್ಟು ರುಚಿಯ ಭಜಿ ಮತ್ತೆ ತಿಂದಿಲ್ಲ.

ಬಹಳ ಹೊತ್ತಿನ ಮೇಲೆ ಕೇಳಿದರು: "ವರ್ಷ ಮುಗದ ಮ್ಯಾಲ ನೌಕರಿ ಬಿಡ್ತಿಯೇನು?"

"ಬಿಡಬೇಕಲ್ಲ. ಹೂಂ ಅಂದೀವಿ."

"ನಿನಗ ಮನಸೈತೇನು?"

ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವ್ವ ಕಳೆ ಕಿತ್ತದ್ದು, ಒಂದನೆಯ ತರಗತಿಯ ಮಕ್ಕಳು ಮೊದಲ ಸಲ ತಮ್ಮ ಹೆಸರು ಬರೆದು ಪಾಟಿ ಎತ್ತಿ ತೋರಿಸುವುದು, ಎಲ್ಲ. "ಬಿಡಾಕ ಮನಸಿಲ್ರಿ. ನನಗ ಕೂಸೂ ಬೇಕು, ಸಾಲಿನೂ ಬೇಕು. ಆದ್ರ ನಿಮ್ಮ ಅವ್ವನ ಮುಂದ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ." ಇವರಿಗೂ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕೈ ಹಿಡಿದುಕೊಂಡು ಚಂದ್ರನನ್ನೇ ನೋಡುತ್ತ ಕುಳಿತರು.

ಮುಂದೆ ನೂಲ ಹುಣ್ಣಿಮೆ, ಅನಂತನ ಹುಣ್ಣಿಮೆ. ಎರಡಕ್ಕೂ ಹೋದೆವು, ಕಾಯಿ ಒಡೆಸಿದೆವು, ಇವರು ಮಲಗಿದರು. ಆದರೆ ನಾನು ಚಂದ್ರನನ್ನು ನೋಡುವುದನ್ನು ಬಿಟ್ಟಿದ್ದೆ. ಪ್ರತಿ ತಿಂಗಳು ನನ್ನ ಮೈಯೇ ನನಗೆ ಇಲ್ಲ ಎಂದು ಹೇಳುತ್ತಿತ್ತು. ಶಾಲೆಯಲ್ಲಿ ಹೆಡ್‌ಮಾಸ್ತರರು ಮುಂದಿನ ವರ್ಷದ ಮಾತೆತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಅತ್ತು ಅತ್ತು ಸುಸ್ತಾಗಿ, ಕಡೆಗೆ ಅಳುವುದಕ್ಕೂ ಬೇಸರವಾಯಿತು.

ಸೀಗಿ ಹುಣ್ಣಿಮೆ ಹನ್ನೆರಡನೆಯದು, ಕೊನೆಯದು. ಹರಕೆ ಮುಗಿಸಲು ಅತ್ತೆ ತಾವೇ ಬಂದಿದ್ದರು. ಹಸಿರು ಸೀರೆ, ಉಡಿ ತುಂಬಲು ಅಕ್ಕಿ, ಉತ್ತತ್ತಿ, ಎಲ್ಲ ಬುಟ್ಟಿಯಲ್ಲಿತ್ತು. ಸೊಂಟ ಹಿಡಿದುಕೊಂಡು ಮೆಟ್ಟಿಲು ಮೆಟ್ಟಿಲಿಗೂ ನಿಂತು "ಮಲ್ಲಯ್ಯಾ" ಎನ್ನುತ್ತ ಹತ್ತಿದರು. ಗುಡಿಯಲ್ಲಿ ಅಯ್ಯನವರು ಕಾಯಿ ಕೈಗೆತ್ತಿಕೊಂಡರು. ಅತ್ತೆ ನನ್ನ ಕಡೆ ತಿರುಗಿ ಮೆತ್ತಗೆ, "ಇದೊಂದು ಮುಗೀತಂದ್ರ ದೀಪಾವಳಿಗೆ ನಿನ್ನ ಸಾಮಾನ ತಂದುಬಿಡೂಣವ್ವಾ," ಎಂದರು. ನಾನು ತಲೆಯಾಡಿಸಿದೆ.

"ಕಾಯಿ ಒಡೀಬ್ಯಾಡ್ರಿ ಅಯ್ಯನೋರ," ಎಂದರು ಇವರು.

ಎಲ್ಲರೂ ತಿರುಗಿ ನೋಡಿದೆವು. ಇವರ ಹಣೆಯಲ್ಲಿ ಬೆವರು ಸುರಿಯುತ್ತಿತ್ತು.

"ಯವ್ವಾ, ನಾವು ಒಂದು ಹುಣ್ಣಿಮಿ ತಪ್ಪಿಸೀವಿ. ಕಾರ ಹುಣ್ಣಿಮಿ. ಹಳ್ಳ ಬಂದಿತ್ತು, ಬಸ್ಸು ದಾಟಲಿಲ್ಲ. ನಾ ಬರಾಕ ಆಗಲಿಲ್ಲ. ನಿನಗ ಹೇಳಾಕ ಧೈರ್ಯ ಸಾಲಲಿಲ್ಲ."

ಅತ್ತೆಯ ಕೈಯಿಂದ ಬುಟ್ಟಿ ಜಾರಿ ನೆಲಕ್ಕೆ ಕುಳಿತಿತು. ಈ ಮನುಷ್ಯ ಹುಟ್ಟಿದಾಗಿನಿಂದ ತಾಯಿಗೆ ಸುಳ್ಳು ಹೇಳಿದವರಲ್ಲ. ಅದೂ ಮಲ್ಲಯ್ಯನ ಎದುರು, ಬಾಗಿಲಲ್ಲಿ ನಿಂತು! ಆ ಹುಣ್ಣಿಮೆಗೆ ಇವರು ಬಂದಿದ್ದರು ಎಂದು ಬಲ್ಲ ಇನ್ನೊಬ್ಬರು ಅಲ್ಲೇ ಕಾಯಿ ಹಿಡಿದು ನಿಂತಿದ್ದರು. ಅಯ್ಯನವರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನಾನು ಅಂದು ಹಟಹಿಡಿದು ಕುಳಿತ ಹೊಸ್ತಿಲನ್ನು ನೋಡಿದರು. ಕಾಯಿಯನ್ನು ಒಡೆಯದೆ ಕೆಳಗಿಟ್ಟರು.

"ನಡುವ ತಪ್ಪಿದ್ರ ಮೊದಲ್ಲಿಂದ ಹಿಡೀಬೇಕಾಕ್ಕತಿ ನೋಡ್ರಿ ತಾಯಿ," ಎಂದರು ಅತ್ತೆಗೆ. "ಅದು ಪದ್ಧತಿ. ಮುಂದಿನ ಗೌರಿ ಹುಣ್ಣಿಮಿಗೆ ಹಿಡೀಲಿ."

ಅತ್ತೆ ಹಸಿರು ಸೀರೆಯನ್ನು ಮತ್ತೆ ಮಡಿಚಿ ಬುಟ್ಟಿಯಲ್ಲಿಟ್ಟರು. ಆಮೇಲೆ ಬುಟ್ಟಿ ಎತ್ತಿಕೊಂಡು, "ಹಂಗಾರ ಹಿಡೀರಿ ಮತ್ತ," ಎಂದಷ್ಟೇ ಹೇಳಿ ಇಳಿಯತೊಡಗಿದರು. ನೌಕರಿ ಬಿಡುವ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು, ನಾನು ಗುರುಗುಂಟಾಕ್ಕೆ ಹಿಂತಿರುಗಿದೆ. ಮರುದಿನ ಹಾಜರಿ ಕರೆಯುವಾಗ ನನ್ನ ದನಿ ನಡುಗಿದ್ದಕ್ಕೆ ಮಕ್ಕಳು, "ಟೀಚರ್‌ರೀ, ಜ್ವರ ಬಂದಾವೇನ್ರಿ?" ಎಂದು ಕೇಳಿದರು.

ಎರಡನೆಯ ವರ್ಷವೂ ಒಂದು ಹುಣ್ಣಿಮೆ "ತಪ್ಪಿತು". ಮೂರನೆಯ ವರ್ಷವೂ. ಯಾವುದು ತಪ್ಪಿತು ಎಂದು ಅತ್ತೆ ಮತ್ತೆ ಕೇಳಲೇ ಇಲ್ಲ. ಪ್ರತಿ ಸಲ ಶೇಂಗಾ ಉಂಡಿ ಮಾತ್ರ ಕಟ್ಟಿಕೊಟ್ಟರು. ಅವರಿಗೆ ಎಲ್ಲ ಗೊತ್ತಿತ್ತು ಎಂದೇ ನನ್ನ ಲೆಕ್ಕ. ಆಮೇಲೆ ಇವರು ಸಿಂಧನೂರು ಬಿಟ್ಟು ಲಿಂಗಸುಗೂರಿನ ಹತ್ತಿ ಮಿಲ್ಲಿಗೆ ಸೇರಿದರು, ನನಗೂ ಅಲ್ಲಿಗೇ ವರ್ಗವಾಯಿತು, ಕಡೆಗೂ ನಮಗೊಂದು ಕೋಣೆ ಸಿಕ್ಕಿತು. ತೊಂಬತ್ತರ ದಶಕದ ಕೊನೆಗೆ ಅತ್ತೆ ಹೋಗಿಬಿಟ್ಟರು. ಮಕ್ಕಳಾದವೇ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ: ಆಗಲಿಲ್ಲ. ದವಾಖಾನೆ, ದೇವರು ಎರಡೂ ಮುಗಿಸಿದೆವು. ನಾನು ಟೀಚರಾಗಿಯೇ ರಿಟೈರಾದೆ.

ಹೋದ ವರ್ಷ ಇವರಿಗೆ ಎದೆ ಕಟ್ಟಿ ದವಾಖಾನೆಯಲ್ಲಿ ಮಲಗಿದ್ದರು. ಆಯುಷ್ಯವೆಲ್ಲ ತೌಡು, ಹತ್ತಿ ಉಸಿರಾಡಿದ ಎದೆ. ಒಂದು ಸಂಜೆ ನನ್ನ ಕೈ ಹಿಡಿದು, "ದೇವರ ಬಾಗಲದಾಗ ನಿಂತು ಸುಳ್ಳು ಹೇಳಿದೆ. ಅದಕ್ಕ ನಿನ್ನ ಉಡಿ ತುಂಬಲಿಲ್ಲ," ಎಂದರು. ಇಷ್ಟು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಈ ಮನುಷ್ಯ ನನ್ನ ಪಕ್ಕದಲ್ಲಿ ಉಂಡು ಮಲಗಿದ್ದರು! ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. "ಮಲ್ಲಯ್ಯ ಅಷ್ಟು ಸಣ್ಣ ಮನಸಿನವನಲ್ರಿ," ಎಂದೆ. "ಆ ಸುಳ್ಳೊಂದು ಹೇಳದಿದ್ರ ನಾ ಎಂದೋ ಸತ್ತಿರ್ತಿದ್ದೆ, ಬರೇ ಉಸಿರಾಡ್ತಿದ್ದೆ ಅಷ್ಟ." ಇವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಅಂದಿನಿಂದ ಇವರಿಗೆ ನಿದ್ದೆ ಹತ್ತುವುದಿಲ್ಲ. ಬಂಡೆಯ ಮೇಲೆ ಬಿದ್ದರೆ ಗೊರಕೆ ಹೊಡೆಯುತ್ತಿದ್ದವರು ಈಗ ಮೆತ್ತನೆಯ ಹಾಸಿಗೆಯಲ್ಲಿ ಹೊರಳಾಡುತ್ತಾರೆ.

ಇದೆಲ್ಲ ನೆನೆಯುತ್ತ ಮೊನ್ನೆ ಆ ಬೆಂಚಿನ ಮೇಲೆ ಎರಡು ಚಹಾ ಕುಡಿದೆ. ಎದ್ದು ಗುಡ್ಡದ ಬುಡದವರೆಗೆ ಹೋದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಮೊಣಕಾಲು ಆಗುವುದಿಲ್ಲ ಎಂದಿತು. ಅಲ್ಲಿಂದಲೇ ಕೈಮುಗಿದು ಮುಂದಿನ ಬಸ್ಸು ಹತ್ತಿದೆ.

ಲಿಂಗಸುಗೂರಿನ ಮನೆ ಮುಟ್ಟಿದಾಗ ಚಂದ್ರ ಮೂಡುತ್ತಿದ್ದ. ಇವರು ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದರು. ನಾನು ಉಸ್ಸೆಂದು ಪಕ್ಕದಲ್ಲಿ ಕುಳಿತೆ.

"ಇಷ್ಟ್ಯಾಕ ತಡ?" ಎಂದರು.

"ಮಸ್ಕ್ಯಾಗ ಇಳಿದಿದ್ದೆ."

ಇವರು ಕತ್ತು ತಿರುಗಿಸಿ ನೋಡಿದರು. "ಗುಡ್ಡ ಹತ್ತಿದೇನು?"

"ಎಲ್ಲಿ ಹತ್ತಲಿ! ಮಣಕಾಲು ಏಳೂದಿಲ್ಲ. ನೀವೂ ಇರಲಿಲ್ಲ."

ಇವರು ನನ್ನ ಚೀಲವನ್ನು ಎಳೆದುಕೊಂಡು, ಅದರ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿದರು.

"ಹಂಗಾರ ತಪ್ಪಿತು," ಎಂದರು. "ಮತ್ತ ಮೊದಲ್ಲಿಂದ ಹಿಡೀಬೇಕು."